ಅರ್ಥಶಾಸ್ತ್ರವೋ ವಾಣಿಜ್ಯವೋ: ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ಗೆ ಹೊರಟವರು ಪದವಿ ಆಯ್ದುಕೊಳ್ಳುವ ಬಗೆ

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗ, ಸಿಂಡಿಕೇಟ್ ಬ್ಯಾಂಕಿನ 1,000 ಷೇರು ಇಟ್ಟುಕೊಂಡಿದ್ದವರಿಗೆ ಕೆನರಾ ಬ್ಯಾಂಕಿನ 158 ಷೇರು ಸಿಕ್ಕಿತು. ಅದರ ಹಿಂದಿನ ವರ್ಷ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿದಾಗ 1,000ಕ್ಕೆ 402ರ ಲೆಕ್ಕ ಇತ್ತು. ಉಡುಪಿ, ಮಂಗಳೂರಿನ ಮನೆಗಳಲ್ಲಿ ತಲೆಮಾರಿನಿಂದ ಈ ಷೇರುಗಳನ್ನು ಇಟ್ಟುಕೊಂಡು ಬಂದವರು ಆಗ ಕೇಳಿದ ಪ್ರಶ್ನೆ ಒಂದೇ: 158 ಏಕೆ, 160 ಏಕಲ್ಲ? ಇಂಥ ಅನುಪಾತವನ್ನು ಲೆಕ್ಕ ಹಾಕುವುದು, ಅದು ಎರಡೂ ಕಡೆಯ ಷೇರುದಾರರಿಗೆ ನ್ಯಾಯವಾಗಿದೆಯೇ ಎಂದು ಅಭಿಪ್ರಾಯ ಕೊಡುವುದು, ಕಂಪನಿಗಳ ಷೇರನ್ನು ಮೊದಲ ಬಾರಿಗೆ ಸಾರ್ವಜನಿಕರಿಗೆ ಮಾರಿಸುವುದು, ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ಬೆಲೆ ಕುದುರಿಸುವುದು, ಇವೆಲ್ಲ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಎಂಬ ಉದ್ಯೋಗದ ತಿರುಳು. ನಮ್ಮ ಕಾನೂನಿನ ಭಾಷೆಯಲ್ಲಿ ಈ ಕೆಲಸಕ್ಕೆ ಮರ್ಚೆಂಟ್ ಬ್ಯಾಂಕಿಂಗ್ ಎಂದು ಹೆಸರು. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 1992ರ ನಿಯಮಾವಳಿಯ ಪ್ರಕಾರ ಇದಕ್ಕೆ ನೋಂದಣಿ ಬೇಕು.

ವಾಣಿಜ್ಯ ವಿಭಾಗದ ಉಪನ್ಯಾಸಕನಾಗಿ ಪ್ರತಿವರ್ಷ ಮೇ ತಿಂಗಳಲ್ಲಿ ನನ್ನ ಮುಂದೆ ಬಂದು ಕೂರುವ ವಿದ್ಯಾರ್ಥಿಗಳಲ್ಲಿ ಮೂರು ನಾಲ್ಕು ಮಂದಿಯಾದರೂ ಈ ಉದ್ಯೋಗದ ಹೆಸರು ಹೇಳುತ್ತಾರೆ. ‘ಸರ್, ಎಕನಾಮಿಕ್ಸ್ ತಗೊಳ್ಳಲಾ, ಬಿಕಾಂ ತಗೊಳ್ಳಲಾ, ಬಿಬಿಎ ತಗೊಳ್ಳಲಾ?’ ಎಂದು ಕೇಳುತ್ತಾರೆ. ಪದವಿಯ ಹೆಸರಿನಿಂದ ಆರಂಭವಾಗುವ ಈ ಪ್ರಶ್ನೆಗೆ ನೇರ ಉತ್ತರ ಕೊಡುವುದು ಕಷ್ಟ. ಕೆಲಸ ಯಾವುದು, ನಿಮ್ಮ ಗಣಿತ ಹೇಗಿದೆ, ಸಿಗುವ ಕಾಲೇಜು ಯಾವುದು ಎಂಬ ಮೂರು ವಿಷಯ ಮೊದಲು ಇತ್ಯರ್ಥವಾದರೆ ಪದವಿಯ ಹೆಸರು ಬಹುಪಾಲು ತಾನಾಗಿಯೇ ನಿರ್ಧಾರವಾಗುತ್ತದೆ. ಆ ಕ್ರಮದಲ್ಲಿಯೇ ಇಲ್ಲಿ ವಿವರಿಸುತ್ತೇನೆ.

ಮೊದಲ ಹೆಜ್ಜೆ: ಬೇಕಾಗಿರುವುದು ಬ್ಯಾಂಕೋ, ಆ ಕೆಲಸವೋ ಎಂದು ತೀರ್ಮಾನಿಸಿಕೊಳ್ಳಿ

ಗೋಲ್ಡ್‌ಮನ್ ಸ್ಯಾಕ್ಸ್ ಬೆಂಗಳೂರಿಗೆ ಬಂದದ್ದು 2004ರಲ್ಲಿ. ಜೆಪಿ ಮಾರ್ಗನ್, ಮಾರ್ಗನ್ ಸ್ಟ್ಯಾನ್ಲಿಯಂಥ ಸಂಸ್ಥೆಗಳ ದೊಡ್ಡ ಕಚೇರಿಗಳೂ ಇಲ್ಲಿವೆ. ಹೀಗಾಗಿ ಹೊರವರ್ತುಲ ರಸ್ತೆಯ ಕಟ್ಟಡಗಳ ಮೇಲಿನ ಹೆಸರು ನೋಡಿದ ಪೋಷಕರು, ಒಳಗೆ ಕೂತವರೆಲ್ಲ ಇನ್ವೆಸ್ಟ್‌ಮೆಂಟ್ ಬ್ಯಾಂಕರ್‌ಗಳೆಂದೇ ಭಾವಿಸುತ್ತಾರೆ. ವಾಸ್ತವದಲ್ಲಿ ಬೆಂಗಳೂರಿನ ಕಚೇರಿಗಳಲ್ಲಿ ನಡೆಯುವ ಕೆಲಸದ ಬಹುಪಾಲು ತಂತ್ರಾಂಶ ಅಭಿವೃದ್ಧಿ, ಅಪಾಯದ ನಿರ್ವಹಣೆ, ವಹಿವಾಟು ಇತ್ಯರ್ಥ, ಲೆಕ್ಕಪತ್ರ, ಮತ್ತು ಲಂಡನ್, ನ್ಯೂಯಾರ್ಕ್, ಹಾಂಗ್‌ಕಾಂಗ್ ತಂಡಗಳಿಗೆ ಬೇಕಾದ ವಿಶ್ಲೇಷಣೆಗೆ ಸಂಬಂಧಿಸಿದ್ದು. ಭಾರತದ ಕಂಪನಿಗಳ ಆಡಳಿತ ಮಂಡಳಿಯ ಮುಂದೆ ಕೂತು ವ್ಯವಹಾರ ಕುದುರಿಸುವ ತಂಡಗಳು ಹೆಚ್ಚಾಗಿ ಮುಂಬೈಯಲ್ಲಿವೆ. ಕೋಟಕ್, ಆಕ್ಸಿಸ್ ಕ್ಯಾಪಿಟಲ್, ಜೆಎಂ ಫೈನಾನ್ಷಿಯಲ್, ಐಸಿಐಸಿಐ ಸೆಕ್ಯೂರಿಟೀಸ್, ಎಸ್‌ಬಿಐ ಕ್ಯಾಪಿಟಲ್ ಮಾರ್ಕೆಟ್ಸ್ ಮುಂತಾದ ದೇಶೀಯ ಸಂಸ್ಥೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. 2022ರ ಮೇ ತಿಂಗಳಲ್ಲಿ ಎಲ್‌ಐಸಿಯ ಷೇರು ಮಾರಾಟ ನಡೆದಾಗ ಅದನ್ನು ನಡೆಸಿಕೊಟ್ಟ ಹತ್ತು ಬ್ಯಾಂಕರ್‌ಗಳ ಪಟ್ಟಿ ತೆಗೆದು ನೋಡಿದರೆ ಈ ಹೆಸರುಗಳೂ ವಿದೇಶಿ ಸಂಸ್ಥೆಗಳ ಹೆಸರುಗಳೂ ಅಕ್ಕಪಕ್ಕದಲ್ಲಿ ಕಾಣುತ್ತವೆ.

ಬೆಂಗಳೂರಿನ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಸಂಬಳ, ನೆಮ್ಮದಿ ಎರಡನ್ನೂ ತೂಗಿದರೆ ಅನೇಕರಿಗೆ ಅದೇ ಒಳ್ಳೆಯದು. ಆದರೆ ಎರಡೂ ಕಡೆ ಹುದ್ದೆಯ ಹೆಸರು ‘ಅನಲಿಸ್ಟ್’ ಎಂದೇ ಇರುವುದರಿಂದ ಗೊಂದಲವಾಗುತ್ತದೆ. ಮೊದಲ ಬಗೆಯ ಕೆಲಸಕ್ಕೆ ಬಿಕಾಂ, ಬಿಬಿಎ, ಅರ್ಥಶಾಸ್ತ್ರ, ಎಂಜಿನಿಯರಿಂಗ್ ಯಾವುದಾದರೂ ನಡೆಯುತ್ತದೆ. ಎರಡನೆಯದಕ್ಕೆ ಬಾಗಿಲು ಕಿರಿದು. ಮುಂದಿನ ಮಾತೆಲ್ಲ ಆ ಕಿರಿದಾದ ಬಾಗಿಲಿನ ಕುರಿತದ್ದು.

ಎರಡನೇ ಹೆಜ್ಜೆ: ಪಿಯುಸಿಯಲ್ಲೇ ಗಣಿತದ ಬಾಗಿಲು ಮುಚ್ಚಿಕೊಳ್ಳಬೇಡಿ

ನಮ್ಮ ರಾಜ್ಯದ ವಾಣಿಜ್ಯ ವಿದ್ಯಾರ್ಥಿಗಳು ಎಡವುವುದು ಪದವಿಯಲ್ಲಲ್ಲ, ಹದಿನಾರನೇ ವಯಸ್ಸಿನಲ್ಲಿ ಪಿಯು ಕಾಲೇಜಿನ ಅರ್ಜಿಯಲ್ಲಿ ಸಂಯೋಜನೆ ಬರೆಯುವಾಗ. ಎಚ್‌ಇಬಿಎ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ತೆಗೆದುಕೊಂಡ ನನ್ನ ವಿದ್ಯಾರ್ಥಿನಿಯೊಬ್ಬಳು ದ್ವಿತೀಯ ಪಿಯುಸಿಯಲ್ಲಿ ಶೇ 97 ಅಂಕ ಪಡೆದಳು. ದೆಹಲಿಯ ಶ್ರೀರಾಮ್ ಕಾಲೇಜ್ ಆಫ್ ಕಾಮರ್ಸ್‌ನಲ್ಲಿ ಅರ್ಥಶಾಸ್ತ್ರ ಆನರ್ಸ್ ಓದಬೇಕೆಂಬುದು ಅವಳ ಆಸೆ. ದೆಹಲಿ ವಿಶ್ವವಿದ್ಯಾಲಯ 2022ರಿಂದ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಅಂಕದ ಮೇಲೆ ಪ್ರವೇಶ ಕೊಡುತ್ತಿದೆ. ಅರ್ಥಶಾಸ್ತ್ರ ಆನರ್ಸ್‌ಗೆ ಗಣಿತ ಕಡ್ಡಾಯ. ಅವಳ ಅಂಕಪಟ್ಟಿಯಲ್ಲಿ ಗಣಿತವೇ ಇರಲಿಲ್ಲ. ‘ಯಾರೂ ಹೇಳಲಿಲ್ಲ ಸರ್’ ಎಂದಳು. ಹೇಳಬೇಕಾಗಿದ್ದವರಲ್ಲಿ ನಾನೂ ಒಬ್ಬ.

ಆದ್ದರಿಂದ ವಾಣಿಜ್ಯ ವಿಭಾಗದವರು ಗಣಿತ ಅಥವಾ ಬೇಸಿಕ್ ಮ್ಯಾಥ್ಸ್ ಇರುವ ಸಂಯೋಜನೆಯನ್ನೇ ಹುಡುಕಿ ಸೇರುವುದು ಉತ್ತಮ. ಅದು ಸಿಗದಿದ್ದರೆ ಸಂಖ್ಯಾಶಾಸ್ತ್ರ ಇರುವ ಎಸ್‌ಇಬಿಎ. ವಿಜ್ಞಾನ ವಿಭಾಗದಲ್ಲಿ ಗಣಿತ ಓದಿದವರು ಅರ್ಥಶಾಸ್ತ್ರಕ್ಕೆ ಹೋಗಲು ಯಾವ ಅಡ್ಡಿಯೂ ಇಲ್ಲ, ವಾಸ್ತವದಲ್ಲಿ ಅವರ ಹಾದಿಯೇ ಹೆಚ್ಚು ಸಲೀಸು. ಬೇಸಿಕ್ ಮ್ಯಾಥ್ಸ್ ಓದಿದವರು ತಾವು ಅರ್ಜಿ ಹಾಕುವ ವಿಶ್ವವಿದ್ಯಾಲಯ ಅದನ್ನು ಗಣಿತಕ್ಕೆ ಸಮನೆಂದು ಒಪ್ಪುತ್ತದೆಯೇ ಎಂಬುದನ್ನು ಆ ವರ್ಷದ ಪ್ರವೇಶ ಕೈಪಿಡಿಯಲ್ಲಿ ನೋಡಬೇಕು, ಸಂದೇಹವಿದ್ದರೆ ಪ್ರವೇಶ ವಿಭಾಗಕ್ಕೆ ಬರೆದು ಲಿಖಿತ ಉತ್ತರ ಪಡೆದುಕೊಳ್ಳಬೇಕು. ಫೋನಿನಲ್ಲಿ ‘ನಡೆಯುತ್ತೆ ಬನ್ನಿ’ ಎಂದವರ ಮಾತು ಕೌನ್ಸೆಲಿಂಗ್ ದಿನ ಉಪಯೋಗಕ್ಕೆ ಬರುವುದಿಲ್ಲ.

ಮೂರನೇ ಹೆಜ್ಜೆ: ಪದವಿಯ ಹೆಸರು ಬಿಟ್ಟು ಪಠ್ಯಕ್ರಮ ಓದಿ

ಅಮೆರಿಕದ ಒಂದು ಸಂಗತಿ ಇಲ್ಲಿ ಕಣ್ಣು ತೆರೆಸುವಂತಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಶಾಲೆ 1881ರಲ್ಲಿ ಸ್ಥಾಪನೆಯಾದ ವ್ಯವಹಾರ ಶಿಕ್ಷಣ ಸಂಸ್ಥೆ. ಅಲ್ಲಿ ಕಲಿಸುವುದು ಹಣಕಾಸು, ಲೆಕ್ಕಪತ್ರ, ಮಾರುಕಟ್ಟೆ ನಿರ್ವಹಣೆ. ಆದರೆ ಅದು ಕೊಡುವ ಸ್ನಾತಕ ಪದವಿಯ ಹೆಸರು ಅರ್ಥಶಾಸ್ತ್ರದಲ್ಲಿ ಬಿಎಸ್‌ಸಿ! ಅತ್ತ ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್‌ಗಳಲ್ಲಿ ಸ್ನಾತಕ ಮಟ್ಟದಲ್ಲಿ ವ್ಯವಹಾರ ಶಿಕ್ಷಣದ ಪದವಿಯೇ ಇಲ್ಲ. ಅಲ್ಲಿಂದ ವಾಲ್‌ಸ್ಟ್ರೀಟಿಗೆ ಹೋಗುವವರಲ್ಲಿ ಅನೇಕರು ಶುದ್ಧ ಅರ್ಥಶಾಸ್ತ್ರ ಓದಿದವರು. ಎರಡೂ ಕಡೆಯವರನ್ನು ಒಂದೇ ಬ್ಯಾಂಕು ಒಂದೇ ಹುದ್ದೆಗೆ ತೆಗೆದುಕೊಳ್ಳುತ್ತದೆ.

ಹಾಗಾದರೆ ಒಳಗೆ ಇರುವ ವ್ಯತ್ಯಾಸವೇನು? ಈ ಉದ್ಯೋಗದ ಸಂದರ್ಶನಗಳಲ್ಲಿ ಹಳೆಯ ಪರಿಚಯದಂತೆ ಮತ್ತೆ ಮತ್ತೆ ಎದುರಾಗುವ ಒಂದು ಪ್ರಶ್ನೆಯ ಮೂಲಕ ತೋರಿಸುತ್ತೇನೆ. ಕಂಪನಿಯೊಂದರ ಸವಕಳಿ ವೆಚ್ಚ 10 ರೂಪಾಯಿ ಹೆಚ್ಚಾಯಿತು, ತೆರಿಗೆ ದರ ಶೇ 25 ಎಂದಿಟ್ಟುಕೊಳ್ಳಿ. ಮೂರು ಹಣಕಾಸು ಪಟ್ಟಿಗಳಲ್ಲಿ ಏನೇನು ಬದಲಾಗುತ್ತದೆ? ಲಾಭ-ನಷ್ಟ ಪಟ್ಟಿಯಲ್ಲಿ ತೆರಿಗೆಪೂರ್ವ ಲಾಭ 10 ರೂಪಾಯಿ ಇಳಿಯುತ್ತದೆ, ಅದರಿಂದ ತೆರಿಗೆ 2.50 ಉಳಿಯುತ್ತದೆ, ಹೀಗಾಗಿ ನಿವ್ವಳ ಲಾಭ ಇಳಿಯುವುದು 7.50. ನಗದು ಹರಿವಿನ ಪಟ್ಟಿ ಈ ಕಳೆತದ 7.50ರಿಂದ ಆರಂಭವಾಗುತ್ತದೆ, ಆದರೆ ಸವಕಳಿ ಎಂದರೆ ಪುಸ್ತಕದಲ್ಲಿ ಬರೆದ ವೆಚ್ಚವೇ ಹೊರತು ಕೈಯಿಂದ ಹೋದ ಹಣವಲ್ಲವಾದ್ದರಿಂದ 10 ರೂಪಾಯಿಯನ್ನು ಮರಳಿ ಕೂಡಿಸಬೇಕು, ಆಗ ನಗದು 2.50 ಹೆಚ್ಚಾಗುತ್ತದೆ. ಬ್ಯಾಲೆನ್ಸ್ ಶೀಟಿನಲ್ಲಿ ಸ್ಥಿರಾಸ್ತಿ 10 ಇಳಿದು ನಗದು 2.50 ಏರುವುದರಿಂದ ಆಸ್ತಿಯ ಬದಿ 7.50 ಕಡಿಮೆ, ಎದುರು ಬದಿಯಲ್ಲಿ ಮೀಸಲು ನಿಧಿಯೂ ಅಷ್ಟೇ ಕಡಿಮೆ, ತಾಳೆಯಾಯಿತು. ಬಿಕಾಂ ಚೆನ್ನಾಗಿ ಓದಿದ ವಿದ್ಯಾರ್ಥಿಗೆ ಇದು ಎರಡು ನಿಮಿಷದ ಕೆಲಸ. ಅರ್ಥಶಾಸ್ತ್ರ ಮಾತ್ರ ಓದಿದವನು, ಎಷ್ಟೇ ಬುದ್ಧಿವಂತನಾದರೂ, ಲೆಕ್ಕಶಾಸ್ತ್ರ ಮುಟ್ಟದಿದ್ದರೆ ಇಲ್ಲಿ ತಡವರಿಸುತ್ತಾನೆ.

ಈಗ ಇನ್ನೊಂದು ಪ್ರಶ್ನೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ ದರವನ್ನು, ಶೇ 4ರಿಂದ ಶೇ 6.5ಕ್ಕೆ ಏರಿಸಿತು, ಇದರಿಂದ ಕಂಪನಿಯ ಮೌಲ್ಯಕ್ಕೆ ಏನಾಗುತ್ತದೆ? ಮುಂದಿನ ವರ್ಷ 100 ಕೋಟಿ ರೂಪಾಯಿ ನಗದು ಗಳಿಸಿ, ಆಮೇಲೆ ವರ್ಷಕ್ಕೆ ಶೇ 5ರಂತೆ ಬೆಳೆಯುತ್ತಲೇ ಹೋಗುವ ಕಂಪನಿಯನ್ನು ಊಹಿಸಿಕೊಳ್ಳಿ. ಹೂಡಿಕೆದಾರರು ಶೇ 11 ಪ್ರತಿಫಲ ಬಯಸಿದರೆ ಅದರ ಮೌಲ್ಯ 100ನ್ನು ಶೇ 6ರಿಂದ (11ರಲ್ಲಿ ಬೆಳವಣಿಗೆಯ 5 ಕಳೆದು) ಭಾಗಿಸಿದಷ್ಟು, ಅಂದರೆ ಸುಮಾರು 1,667 ಕೋಟಿ. ಅವರ ಬಯಕೆ ಶೇ 12ಕ್ಕೆ ಏರಿದರೆ ಭಾಜಕ ಶೇ 7 ಆಗಿ ಮೌಲ್ಯ ಸುಮಾರು 1,429 ಕೋಟಿಗೆ ಬೀಳುತ್ತದೆ. ಕಾರ್ಖಾನೆಯಲ್ಲಿ ಒಂದು ತಿರುಪೂ ಬದಲಾಗಿಲ್ಲ, ಮೌಲ್ಯ ಮಾತ್ರ ಶೇ 14ರಷ್ಟು ಕರಗಿತು. ಈ ಗಣಿತವನ್ನು ಬಿಕಾಂ ವಿದ್ಯಾರ್ಥಿಯೂ ಮಾಡಬಲ್ಲ. ಆದರೆ ರೆಪೊ ದರ ಏರಿದಾಗ ಹೂಡಿಕೆದಾರರ ಬಯಕೆ ಏಕೆ ಏರುತ್ತದೆ, ಎಷ್ಟು ತಡವಾಗಿ ಏರುತ್ತದೆ, ಹಣದುಬ್ಬರ ಜೊತೆಗಿದ್ದರೆ ಆ ಶೇ 5ರ ಬೆಳವಣಿಗೆಯ ಅಂದಾಜನ್ನೂ ಬದಲಿಸಬೇಕಲ್ಲವೇ ಎಂಬ ಮರುಪ್ರಶ್ನೆಗಳು ಬಂದಾಗ ಸಮಗ್ರ ಅರ್ಥಶಾಸ್ತ್ರ ಮತ್ತು ಇಕನಾಮೆಟ್ರಿಕ್ಸ್ (ಅಂಕಿಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ಶಾಸ್ತ್ರ) ಓದಿದವರ ಉತ್ತರದಲ್ಲಿ ಬೇರೆಯೇ ತೂಕ ಇರುತ್ತದೆ.

ಮೊದಲ ಎರಡು ವರ್ಷ ಬ್ಯಾಂಕು ಕೊಡುವ ಕೆಲಸ ಬಹುತೇಕ ಮೊದಲ ಪ್ರಶ್ನೆಯ ಜಾತಿಯದ್ದು; ಎಕ್ಸೆಲ್ ಹಾಳೆ, ಹೋಲಿಕೆ ಕಂಪನಿಗಳ ಪಟ್ಟಿ, ರಾತ್ರಿ ಎರಡು ಗಂಟೆಗೆ ಸ್ಲೈಡಿನ ಅಡಿಟಿಪ್ಪಣಿ ತಿದ್ದುವುದು. ಎರಡನೇ ಜಾತಿಯ ಯೋಚನೆ ಗ್ರಾಹಕರ ಎದುರು ಮಾತಾಡುವ ಹಂತಕ್ಕೆ ಬಂದಾಗ ಕೈ ಹಿಡಿಯುತ್ತದೆ. ಲೆಕ್ಕಶಾಸ್ತ್ರವನ್ನು ಆರು ತಿಂಗಳು ಕೂತು ಹೊರಗೆ ಕಲಿಯಬಹುದು, ಗಣಿತ ಮತ್ತು ಅರ್ಥಶಾಸ್ತ್ರದ ಯೋಚನಾಕ್ರಮವನ್ನು ಹಾಗೆ ಕಲಿಯುವುದು ಕಷ್ಟ ಎಂಬುದು ನನ್ನ ಅನುಭವ. ವಾಣಿಜ್ಯದ ಮೇಷ್ಟರೇ ಹೀಗೆ ಹೇಳುತ್ತಾರಲ್ಲ ಎಂದು ಸಹೋದ್ಯೋಗಿಗಳು ಮುನಿಸಿಕೊಳ್ಳುವುದುಂಟು.

ಪಠ್ಯಕ್ರಮ ಓದುವಾಗ ಕಣ್ಣಾಡಿಸಬೇಕಾದ ಜಾಗಗಳಿವು. ಅರ್ಥಶಾಸ್ತ್ರದ ಪದವಿಯಾದರೆ ಕಲನಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಎಷ್ಟು ಸೆಮಿಸ್ಟರ್ ಇದೆ, ಇಕನಾಮೆಟ್ರಿಕ್ಸ್ ಕಡ್ಡಾಯವೇ, ಹಣಕಾಸು ಅಥವಾ ಲೆಕ್ಕಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಳ್ಳಬಹುದೇ ಎಂಬುದು ಮುಖ್ಯ. ಇತಿಹಾಸ, ರಾಜ್ಯಶಾಸ್ತ್ರದ ಜೊತೆ ಅರ್ಥಶಾಸ್ತ್ರವನ್ನು ಮೂರರಲ್ಲಿ ಒಂದಾಗಿ ಓದಿಸುವ ಬಿಎ ಒಳ್ಳೆಯ ಶಿಕ್ಷಣವೇ ಇರಬಹುದು, ಈ ಉದ್ಯೋಗಕ್ಕೆ ಮಾತ್ರ ಅದು ಸಾಲದು. ಬಿಕಾಂ ಆದರೆ ಕಾರ್ಪೊರೇಟ್ ಲೆಕ್ಕಶಾಸ್ತ್ರ, ಕಂಪನಿ ಕಾನೂನು, ಹಣಕಾಸು ನಿರ್ವಹಣೆಯಲ್ಲಿ ಮೌಲ್ಯಮಾಪನದ ಅಧ್ಯಾಯ ಇರಬೇಕು. ಬಿಬಿಎಯಲ್ಲಿ ಸಂವಹನ, ಸಂಘಟನೆ, ನಾಯಕತ್ವ ಎಂಬ ಹೆಸರಿನ ಪತ್ರಿಕೆಗಳೇ ತುಂಬಿದ್ದು ಹಣಕಾಸು ಎರಡೇ ಪತ್ರಿಕೆಗೆ ಮುಗಿದಿದ್ದರೆ, ಕಟ್ಟಡ ಎಷ್ಟೇ ಹೊಳೆಯುತ್ತಿದ್ದರೂ ಮುಂದೆ ಹೋಗಿ. ಬಿಬಿಎ ಕೋರ್ಸುಗಳು 2024-25ರಿಂದ ತಾಂತ್ರಿಕ ಶಿಕ್ಷಣದ ನಿಯಂತ್ರಕ ಸಂಸ್ಥೆಯಾದ ಎಐಸಿಟಿಇ ವ್ಯಾಪ್ತಿಗೆ ಬಂದಿರುವುದರಿಂದ ಆ ಅನುಮೋದನೆ ಇದೆಯೇ ಎಂದೂ ನೋಡಬೇಕು.

ನಾಲ್ಕನೇ ಹೆಜ್ಜೆ: ಬ್ಯಾಂಕು ಆ ಕಾಲೇಜಿನ ಗೇಟಿಗೆ ಬರುತ್ತದೆಯೇ ಎಂದು ವಿಚಾರಿಸಿ

ಈ ಉದ್ಯೋಗದ ಒಂದು ಕಹಿ ಸತ್ಯವೆಂದರೆ ನೇಮಕಾತಿ ಬಹುಪಾಲು ಕೆಲವೇ ಆವರಣಗಳಿಂದ ನಡೆಯುತ್ತದೆ. ಸ್ನಾತಕ ಮಟ್ಟದಲ್ಲಿ ಶ್ರೀರಾಮ್ ಕಾಲೇಜು, ಸೇಂಟ್ ಸ್ಟೀಫನ್ಸ್‌ನಂಥ ದೆಹಲಿಯ ಕಾಲೇಜುಗಳು ಮತ್ತು ಐಐಟಿಗಳು. ಎಂಬಿಎ ಮಟ್ಟದಲ್ಲಿ ಅಹಮದಾಬಾದ್, ಬೆಂಗಳೂರು, ಕಲ್ಕತ್ತಾದ ಐಐಎಂಗಳು, ದೆಹಲಿಯ ಎಫ್‌ಎಂಎಸ್, ಮುಂಬೈಯ ಜಮ್ನಾಲಾಲ್ ಬಜಾಜ್ ಮುಂತಾದವು. ಇವುಗಳಿಗೆ ಸಮಾನಾಂತರವಾಗಿ ಮೊದಲ ಯತ್ನದಲ್ಲೇ ತೇರ್ಗಡೆಯಾದ ಚಾರ್ಟರ್ಡ್ ಅಕೌಂಟೆಂಟ್‌ಗಳು. ಶ್ರೀರಾಮ್ ಕಾಲೇಜಿನಲ್ಲಿ ಬಿಕಾಂ ಆನರ್ಸ್ ಮತ್ತು ಅರ್ಥಶಾಸ್ತ್ರ ಆನರ್ಸ್ ಎರಡೂ ಇವೆ. ಅಲ್ಲಿ ಯಾವುದಕ್ಕೆ ಸೀಟು ಸಿಕ್ಕರೂ ಹೋಗಬೇಕೆಂಬುದು ನನ್ನ ಸಲಹೆ, ಏಕೆಂದರೆ ಆ ಗೇಟಿನೊಳಗೆ ಪದವಿಯ ಹೆಸರಿಗಿಂತ ಗೇಟಿನ ಹೆಸರು ದೊಡ್ಡದು. ಪಿಯುಸಿ ಮುಗಿಸಿ ನೇರವಾಗಿ ಐಐಎಂ ಸೇರಲು 2011ರಲ್ಲಿ ಇಂದೋರ್ ಆರಂಭಿಸಿದ ಐದು ವರ್ಷದ ಸಂಯೋಜಿತ ಕೋರ್ಸು ಇನ್ನೊಂದು ದಾರಿ. ಅದರ ಪ್ರವೇಶ ಪರೀಕ್ಷೆಯಲ್ಲೂ ಗಣಿತದ್ದೇ ದರ್ಬಾರು.

ರಾಜ್ಯದೊಳಗೇ ಇರಬೇಕೆನ್ನುವವರಿಗೆ ಅರ್ಥಶಾಸ್ತ್ರವನ್ನು ಗಂಭೀರವಾಗಿ ಕಲಿಸುವ ಜಾಗಗಳಿವೆ. ಬೆಂಗಳೂರಿನ ಡಾ. ಬಿ.ಆರ್. ಅಂಬೇಡ್ಕರ್ ಅರ್ಥಶಾಸ್ತ್ರ ವಿಶ್ವವಿದ್ಯಾಲಯ 2017ರಲ್ಲಿ ಆರಂಭವಾದ, ಸರ್ಕಾರವೇ ನಡೆಸುವ ಸಂಸ್ಥೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಸೇಂಟ್ ಜೋಸೆಫ್ಸ್, ಕ್ರೈಸ್ಟ್‌ಗಳಲ್ಲೂ ಅರ್ಥಶಾಸ್ತ್ರ ಇದೆ. ಇವುಗಳಿಂದ ವ್ಯವಹಾರ ಕುದುರಿಸುವ ತಂಡಕ್ಕೆ ನೇರ ಜಿಗಿತ ಅಪರೂಪ, ಸಾಮಾನ್ಯವಾಗಿ ನಡುವೆ ಒಂದು ಮೆಟ್ಟಿಲು ಬೇಕಾಗುತ್ತದೆ. ಅದನ್ನು ಮೊದಲೇ ತಿಳಿದು ಸೇರಿದವರಿಗೆ ನಿರಾಸೆಯಾಗುವುದಿಲ್ಲ. ಪ್ಲೇಸ್‌ಮೆಂಟ್ ಕರಪತ್ರದಲ್ಲಿ ದೊಡ್ಡ ಬ್ಯಾಂಕಿನ ಲಾಂಛನ ಕಂಡರೆ ಅಲ್ಲಿಗೇ ನಿಲ್ಲಬೇಡಿ: ಕಳೆದ ವರ್ಷ ಎಷ್ಟು ಮಂದಿ, ಯಾವ ನಗರದಲ್ಲಿ, ಯಾವ ವಿಭಾಗದ ಕೆಲಸಕ್ಕೆ ಎಂದು ಕೇಳಿ. ಸಾಧ್ಯವಾದರೆ ಆ ಬ್ಯಾಂಕಿಗೆ ಸೇರಿದ ಹಳೆಯ ವಿದ್ಯಾರ್ಥಿಯ ಜೊತೆ ಹತ್ತು ನಿಮಿಷ ಮಾತಾಡಿ.

ಐದನೇ ಹೆಜ್ಜೆ: ನಿಮ್ಮ ಸ್ಥಿತಿಗೆ ತಕ್ಕಂತೆ ತೀರ್ಮಾನಿಸಿ

ಪಿಯುಸಿಯಲ್ಲಿ ಗಣಿತ ಇದ್ದು, ಅದು ಹಿತವೆನಿಸಿ, ಹೊರ ರಾಜ್ಯಕ್ಕೆ ಹೋಗುವ ಅನುಕೂಲವಿದ್ದರೆ ಅರ್ಥಶಾಸ್ತ್ರ ಆನರ್ಸ್. ಐಐಎಂ ಗುರಿಯಿರುವವರಿಗೂ ಅದೇ ಸೂಕ್ತ, ಏಕೆಂದರೆ ಹಣಕಾಸನ್ನು ಅಲ್ಲಿ ಹೇಗೂ ಮತ್ತೆ ಕಲಿಸುತ್ತಾರೆ.

ಹಾಸನದಲ್ಲೋ ಕೊಪ್ಪಳದಲ್ಲೋ ಮನೆಯಿಂದಲೇ ಕಾಲೇಜಿಗೆ ಹೋಗಬೇಕಾದ, ಶುಲ್ಕದ ಚಿಂತೆಯಿರುವ ವಿದ್ಯಾರ್ಥಿಗೆ ನಾನು ಎರಡನೇ ಮಾತಿಲ್ಲದೆ ಬಿಕಾಂ ಜೊತೆಗೆ ಸಿಎ ಎನ್ನುತ್ತೇನೆ. ಸಿಎ ಪರೀಕ್ಷೆ ನೀವು ಯಾವ ಊರಿನ ಕಾಲೇಜಿನಿಂದ ಬಂದಿರೆಂದು ಕೇಳುವುದಿಲ್ಲ. ಮುಂಬೈಯ ಮರ್ಚೆಂಟ್ ಬ್ಯಾಂಕುಗಳಲ್ಲಿ ಕಾಲೇಜಿನ ಹೆಸರಿನ ಕೊರತೆಯನ್ನು ತುಂಬುವ ಶಕ್ತಿ ಇರುವ ಪದವಿ ಅದೊಂದೇ. ಪಿಯುಸಿ ಆದ ಮೇಲೆ ಫೌಂಡೇಶನ್, ಇಂಟರ್‌ಮೀಡಿಯೆಟ್, ಎರಡು ವರ್ಷದ ಆರ್ಟಿಕಲ್‌ಶಿಪ್ (ಲೆಕ್ಕಪರಿಶೋಧಕರ ಕಚೇರಿಯಲ್ಲಿ ಪ್ರಾಯೋಗಿಕ ತರಬೇತಿ), ಫೈನಲ್ ಎಂಬುದು ಈಗಿನ ಕ್ರಮ. ಮೊದಲು ಮೂರು ವರ್ಷವಿದ್ದ ಆರ್ಟಿಕಲ್‌ಶಿಪ್ 2023ರ ಹೊಸ ಯೋಜನೆಯಲ್ಲಿ ಎರಡಕ್ಕೆ ಇಳಿಯಿತು. ಆರ್ಟಿಕಲ್‌ಶಿಪ್‌ಗೆ ಸೇರುವಾಗ ಬರೀ ಜಿಎಸ್‌ಟಿ ರಿಟರ್ನ್ ತುಂಬಿಸುವ ಕಚೇರಿಗಿಂತ, ಕಂಪನಿ ಲೆಕ್ಕ ತಪಾಸಣೆ, ಮೌಲ್ಯಮಾಪನ, ಖರೀದಿಗೆ ಮುಂಚಿನ ಪರಿಶೀಲನೆ ಮಾಡುವ ಸಂಸ್ಥೆಯನ್ನು ಹುಡುಕಿ. ಅರ್ಥಶಾಸ್ತ್ರ ಓದಿದವರಿಗೂ ಈ ದಾರಿ ಮುಚ್ಚಿಲ್ಲ. ವಾಣಿಜ್ಯೇತರ ಪದವೀಧರರು ಶೇ 60 ಅಂಕ ಪಡೆದಿದ್ದರೆ ಫೌಂಡೇಶನ್ ಬಿಟ್ಟು ನೇರವಾಗಿ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಬಹುದು, ವಾಣಿಜ್ಯದವರಿಗೆ ಶೇ 55 ಸಾಕು.

ಬಿಬಿಎ ಬಗ್ಗೆ ನನ್ನ ಮಾತು ಚಿಕ್ಕದು. ಬೇಡಿಕೆಯಿರುವ ನಾಲ್ಕಾರು ಸಂಸ್ಥೆಗಳಲ್ಲಿ ಹಣಕಾಸು ವಿಶೇಷ ವಿಷಯವಾಗಿ ಸಿಕ್ಕರೆ ಸೇರಿ, ಉಳಿದೆಡೆ ಅದೇ ಶುಲ್ಕದ ಕಾಲು ಭಾಗದಲ್ಲಿ ಸಿಗುವ ಬಿಕಾಂ ಮೇಲು.

ಆರನೇ ಹೆಜ್ಜೆ: ಉಳಿದ ಅರ್ಧವನ್ನು ತುಂಬಿಕೊಳ್ಳಿ

ಯಾವ ಪದವಿ ಸೇರಿದರೂ ಅದು ಅರ್ಧವನ್ನಷ್ಟೇ ಕಲಿಸುತ್ತದೆ. ಅರ್ಥಶಾಸ್ತ್ರದವರು ಮೊದಲ ವರ್ಷದಲ್ಲೇ ಲೆಕ್ಕಶಾಸ್ತ್ರದ ಒಂದು ಪಠ್ಯಪುಸ್ತಕವನ್ನು ಕೈಯಲ್ಲಿ ಪೆನ್ಸಿಲ್ ಹಿಡಿದು ಮುಗಿಸಬೇಕು. ವಾಣಿಜ್ಯದವರು ಸಂಖ್ಯಾಶಾಸ್ತ್ರ ಮತ್ತು ಸಮಗ್ರ ಅರ್ಥಶಾಸ್ತ್ರಕ್ಕೆ ಅಷ್ಟೇ ಸಮಯ ಕೊಡಬೇಕು.

ಇಬ್ಬರಿಗೂ ಸಮಾನವಾದ, ಒಂದು ರೂಪಾಯಿಯೂ ಖರ್ಚಿಲ್ಲದ ಅಭ್ಯಾಸವೊಂದಿದೆ. ಮೊದಲ ಸಾರ್ವಜನಿಕ ಷೇರು ಮಾರಾಟಕ್ಕೆ, ಅಂದರೆ ಐಪಿಒಗೆ, ಬರುವ ಕಂಪನಿ ಸೆಬಿಗೆ ಸಲ್ಲಿಸುವ ಕರಡು ದಾಖಲೆ, ಎಲ್ಲರೂ ಡಿಆರ್‌ಎಚ್‌ಪಿ ಎಂದು ಕರೆಯುವುದು, ಸೆಬಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ನೂರಾರು ಪುಟದ ಆ ದಾಖಲೆಯನ್ನು ಮೊದಲಿಂದ ಓದಲು ಹೋದರೆ ಮೂರನೇ ಪುಟಕ್ಕೇ ನಿದ್ದೆ ಬರುತ್ತದೆ. ಅಪಾಯಾಂಶಗಳು, ಹಣದ ಬಳಕೆಯ ಉದ್ದೇಶ, ಬೆಲೆಗೆ ಆಧಾರ ಎಂಬ ಮೂರು ಅಧ್ಯಾಯಗಳನ್ನು ಮೊದಲು ಓದಿ, ಆಮೇಲೆ ಹಣಕಾಸು ಪಟ್ಟಿಗಳನ್ನು ಎಕ್ಸೆಲ್‌ಗೆ ಇಳಿಸಿ ನೀವೇ ಒಂದು ಬೆಲೆ ಲೆಕ್ಕ ಹಾಕಿ. ಪೇಟಿಎಂ ಕಂಪನಿ 2021ರ ನವೆಂಬರಿನಲ್ಲಿ 2,150 ರೂಪಾಯಿಗೆ ಷೇರು ಮಾರಿತು, ವಹಿವಾಟಿನ ಮೊದಲ ದಿನವೇ ಆ ಷೇರಿನ ಬೆಲೆ ಶೇ 27ರಷ್ಟು ಕುಸಿಯಿತು. ಆ ದಾಖಲೆಯನ್ನು ಈಗ ಓದಿದರೆ ಎಚ್ಚರಿಕೆಯ ಮಾತುಗಳು ಎಲ್ಲಿದ್ದವು ಎಂಬುದು ಕಾಣುತ್ತದೆ. ಹೀಗೆ ಐದಾರು ದಾಖಲೆ ಓದಿದ ವಿದ್ಯಾರ್ಥಿಗೆ ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಮಾತಿಗೆ ಬರವಿರುವುದಿಲ್ಲ.

ಪ್ರಮಾಣಪತ್ರಗಳ ವಿಷಯದಲ್ಲಿ ಮಿತವಾಗಿರಿ. ಹೂಡಿಕೆ ವಿಶ್ಲೇಷಣೆಯ ಅಂತರರಾಷ್ಟ್ರೀಯ ಪರೀಕ್ಷೆಯಾದ ಸಿಎಫ್‌ಎಯ ಮೊದಲ ಹಂತವನ್ನು ಪದವಿ ಮುಗಿಯಲು 23 ತಿಂಗಳು ಬಾಕಿಯಿರುವಾಗಲೇ ಬರೆಯಲು ಅವಕಾಶವಿದೆ. ಅರ್ಥಶಾಸ್ತ್ರದವರಿಗೆ ಅದರಿಂದ ಹೆಚ್ಚು ಲಾಭ, ಸಿಎ ಹಿಡಿದವರು ಸದ್ಯಕ್ಕೆ ಅದರ ಗೋಜಿಗೆ ಹೋಗದಿರುವುದು ಕ್ಷೇಮ. ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆ ನಡೆಸುವ ಒಂಬತ್ತನೇ ಸರಣಿಯ ಮರ್ಚೆಂಟ್ ಬ್ಯಾಂಕಿಂಗ್ ಪರೀಕ್ಷೆ ಅಗ್ಗದ್ದು. ಭಾರತದ ನಿಯಮಗಳನ್ನು ಕ್ರಮವಾಗಿ ಓದಲು ಅದೊಂದು ನೆಪ.

ವಿದೇಶದತ್ತ ಕಣ್ಣಿಟ್ಟವರಿಗೆ

ಕರ್ನಾಟಕ 2024-25ರಿಂದ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಬ್ರಿಟನ್ನಿನ ಸ್ನಾತಕೋತ್ತರ ಕೋರ್ಸುಗಳಿಗೆ ಸಾಮಾನ್ಯವಾಗಿ ಮೂರು ವರ್ಷ ಸಾಕಾಗುತ್ತದೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷ ಕೇಳುತ್ತವೆ. ಅಮೆರಿಕದಲ್ಲೇ ಓದುವವರು ಇನ್ನೊಂದು ಸೂಕ್ಷ್ಮ ಗಮನಿಸಬೇಕು. ಅಲ್ಲಿನ ವರ್ಗೀಕರಣದಲ್ಲಿ ಇಕನಾಮೆಟ್ರಿಕ್ಸ್ ಮತ್ತು ಪರಿಮಾಣಾತ್ಮಕ ಅರ್ಥಶಾಸ್ತ್ರ ಎಂದು ನಮೂದಾದ ಪದವಿ ವಿಜ್ಞಾನ-ತಂತ್ರಜ್ಞಾನದ ಪಟ್ಟಿಗೆ ಸೇರುವುದರಿಂದ, ಓದಿನ ನಂತರ ಕೆಲಸ ಮಾಡಲು ಸಿಗುವ 12 ತಿಂಗಳ ಅವಧಿಗೆ 24 ತಿಂಗಳು ಸೇರ್ಪಡೆಯಾಗುತ್ತದೆ. ಸಾಮಾನ್ಯ ಅರ್ಥಶಾಸ್ತ್ರವೆಂದು ನಮೂದಾಗಿದ್ದರೆ ಆ ಸೌಲಭ್ಯವಿಲ್ಲ. ಒಂದೇ ತರಗತಿ, ಒಂದೇ ಪುಸ್ತಕ, ವರ್ಗೀಕರಣದ ಸಂಕೇತ ಸಂಖ್ಯೆ ಮಾತ್ರ ಬೇರೆ. ಅದನ್ನು ಅರ್ಜಿ ಹಾಕುವ ಮುನ್ನವೇ ವಿಶ್ವವಿದ್ಯಾಲಯಕ್ಕೆ ಬರೆದು ಕೇಳಬೇಕು. ಲಂಡನ್ನಿನಲ್ಲಿ ಬ್ಯಾಂಕುಗಳು ಮೊದಲ ವರ್ಷದವರನ್ನೇ ವಸಂತಕಾಲದ ಕಿರು ತರಬೇತಿಗೆ ಕರೆದು, ಅವರಲ್ಲಿಂದ ಮುಂದಿನ ಬೇಸಿಗೆಯ ಇಂಟರ್ನ್‌ಗಳನ್ನು ಆರಿಸಿಕೊಳ್ಳುವುದರಿಂದ, ಸೆಪ್ಟೆಂಬರಿನಲ್ಲಿ ವಿಮಾನ ಇಳಿದವರು ಕೋಣೆಯ ಬೀಗದ ಕೈ ಸಿಕ್ಕ ವಾರದಲ್ಲೇ ಅರ್ಜಿ ಬರೆಯಲು ಕೂರಬೇಕಾಗುತ್ತದೆ.